ರೊಟ್ಟಿ ಬಡಿಯುವ ಸಪ್ಪಳ

ಅಹಮದಾಬಾದಿನ ವಿಶಾಲಾ ನೋಡಿಕೊಂಡು ಬಂದ ಮೇಲೆ, ಬೆಂಗಳೂರಿನಲ್ಲಿ ನಮ್ಮ ಕಡೆಯ ಊಟಕ್ಕೂ ಅಂಥದೊಂದು ಜಾಗ ಬೇಕೆಂಬ ಆಸೆ ನನ್ನನ್ನು ಬಿಡಲಿಲ್ಲ. ವಿಶಾಲಾ 1978ರಲ್ಲಿ ಸುರೇಂದ್ರ ಪಟೇಲ್ ಹಳ್ಳಿಯ ಮಾದರಿಯಲ್ಲಿ ಕಟ್ಟಿದ ಹೋಟೆಲು. ಲಾಟೀನಿನ ಬೆಳಕು, ನೆಲದ ಮೇಲೆ ಕೂತು ಊಟ.

ನಾನು ಕಣ್ಣಿಗೆ ಕಂಡದ್ದನ್ನಷ್ಟೇ ತಂದೆ. ಕಾರೈಕುಡಿಯಿಂದ ಹಳೇ ಮನೆಯ ಕಂಬ ತರಿಸಿ ತೊಟ್ಟಿ ಕಟ್ಟಿಸಿದೆ. ಗೋಡೆಗೆ ಗಾಡಿಯ ಗಾಲಿ, ಕೂರಲು ಮಣೆ, ನೀರಿಗೆ ಹಿತ್ತಾಳೆ ತಂಬಿಗೆ. ಸಾಲದ ಬಹುಪಾಲು ಅಲ್ಲೇ ಕರಗಿತು. ರೊಟ್ಟಿ ಬಡಿಯುವ ಅಕ್ಕನಿಗೆ ಮಾತ್ರ ಹಿಂದಿನ ಕತ್ತಲ ಮೂಲೆ ಕೊಟ್ಟಿದ್ದೆ. ಬಿಸಿ ರೊಟ್ಟಿ ಎಲೆಗೆ ಬರುವಷ್ಟರಲ್ಲಿ ಬಿರುಸಾಗಿರುತ್ತಿತ್ತು.

ಎರಡು ತಿಂಗಳು ಜನ ಸಾಲುಗಟ್ಟಿದರು, ತೊಟ್ಟಿಯ ಮುಂದೆ ಫೋಟೊ ತೆಗೆಸಿಕೊಂಡರು. ಆಮೇಲೆ ಬರಲಿಲ್ಲ. ಮಂಡಿನೋವಿನ ಹಿರಿಯರು ಮಣೆ ನೋಡಿಯೇ ಬಾಗಿಲಿಂದ ಹಿಂದಿರುಗುತ್ತಿದ್ದರು. ಅವರೊಂದಿಗೆ ಇಡೀ ಸಂಸಾರವೂ. ಕೂತವರು ಏಳಲು ಮುಕ್ಕಾಲು ಗಂಟೆ. ಮಧ್ಯಾಹ್ನಕ್ಕೆ ಮೂರು ಪಂಕ್ತಿಯೆಂದು ಬಾಡಿಗೆಯ ಲೆಕ್ಕ ಹಾಕಿದ್ದೆ, ಒಂದೂವರೆಯೂ ಆಗಲಿಲ್ಲ. ತಂಬಿಗೆಗೆ ಹುಣಸೆಹಣ್ಣು ತಿಕ್ಕಲೆಂದೇ ಒಬ್ಬ ಆಳು ಬೇಕಾಯಿತು.

ಒಂದು ದಿನ ವಿಜಯಪುರದ ಕಡೆಯ ಹಿರಿಯರೊಬ್ಬರು ಕೈತೊಳೆದು ನನ್ನ ಹೆಗಲ ಮೇಲೆ ಕೈಯಿಟ್ಟರು. “ತಮ್ಮಾ, ಕಂಬ ಭಾಳ ಚಂದ ಅದಾವ. ಆದ್ರ ನಮ್ಮ ಕಡಿ ಮನಿ ಹಿಂಗ ಇರಂಗಿಲ್ಲ. ರೊಟ್ಟಿ ಬಡಿಯೋ ಸಪ್ಪಳಾನೂ ಕೇಳವಲ್ದು.”

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಪಟೇಲರು ಹಳೆಯ ಪಾತ್ರೆಪಗಡಗಳನ್ನು ಕೂಡಿಸಿ, 1981ರಲ್ಲಿ ಹೋಟೆಲಿನ ಪಕ್ಕದಲ್ಲೇ ಅವಕ್ಕೊಂದು ವಸ್ತುಸಂಗ್ರಹಾಲಯ ಮಾಡಿದ್ದು ನೆನಪಾಯಿತು. ಒಂದೊಂದು ಪಾತ್ರೆ ಯಾವ ಕೆಲಸಕ್ಕೆ ಬಂದದ್ದೆಂದು ತಿಳಿಯುವ ಆಸ್ಥೆ ಅದು. ನನ್ನ ಕಂಬಗಳು ಯಾರ ಮನೆಯವೆಂದು ನಾನು ಕೇಳಿಯೂ ಇರಲಿಲ್ಲ. ಹುಟ್ಟಿದ್ದು ಗದಗದ ಸೀಮೆಯಲ್ಲಿ, ಮಣ್ಣಿನ ಮಾಳಿಗೆ ಮನೆಯಲ್ಲಿ. ಕಟ್ಟಿಸಿದ್ದು ಮಾತ್ರ ಇನ್ನಾರದೋ ಮನೆ.

ಕಂಬ ಮಾರಿದೆ, ತೊಟ್ಟಿ ಮುಚ್ಚಿಸಿದೆ. ಮೇಜು ಕುರ್ಚಿ ಬಂದವು, ಸ್ಟೀಲ್ ತಾಟು ಬಂದವು. ಒಲೆಯನ್ನು ಬಾಗಿಲ ಎದುರಿಗೇ ತಂದು ಎತ್ತರದ ಕಟ್ಟೆ ಕಟ್ಟಿಸುವಾಗ ಅಕ್ಕನನ್ನೇ ಕೇಳಿದೆ. “ಕಟ್ಟಿ ನನ್ನ ಸೊಂಟದ ಮಟ್ಟಕ್ಕ ಇರಲಿ, ಹೊಗಿ ಹೋಗಾಕ ಫ್ಯಾನ್ ಹಾಕಸ್ರಿ” ಅಂದಳು. ಎರಡೂ ಹಾಗೇ ಆದವು. ಹಂಚಿನಿಂದ ಇಳಿದ ಜೋಳದ ರೊಟ್ಟಿ ನೇರ ತಾಟಿಗೆ. ಪಕ್ಕಕ್ಕೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು.

ಈಗ ಮೊದಲು ತುಂಬುವುದು ಕಟ್ಟೆಯೆದುರಿನ ನಾಲ್ಕು ಕುರ್ಚಿ, ಅಲ್ಲಿ ಝಳ ಹೆಚ್ಚಿದ್ದರೂ.