ಉಪವಾಸದ ಮರುದಿನ ಕಣ್ಣು ಹಳದಿಯೇ?

ಠಾಕುರ್ಲಿಯಲ್ಲಿ ಬೆಳಗಿನ ಲೋಕಲ್ ಹಿಡಿಯುವ ಅವಸರದಲ್ಲಿ ತಿಂಡಿ ಬಿಟ್ಟಾಗ, ಏಕಾದಶಿ ಉಪವಾಸದ ಮರುದಿನ, ನಿಮ್ಮ ಕಣ್ಣು ತುಸು ಹಳದಿಯಾಗುತ್ತದೆಯೇ? ಒಮ್ಮೆ ರಕ್ತಪರೀಕ್ಷೆ ಮಾಡಿಸಿ. ಬಿಲಿರುಬಿನ್ ಮಾತ್ರ ಸ್ವಲ್ಪ ಹೆಚ್ಚಿದ್ದು ಉಳಿದದ್ದೆಲ್ಲ ಸರಿಯಿದ್ದರೆ, ಅದು ಗಿಲ್ಬರ್ಟ್ ಸಿಂಡ್ರೋಮ್ ಇರಬಹುದು. ವೈದ್ಯರೇ ಖಚಿತಪಡಿಸಬೇಕು.

ಇದು ಹೆತ್ತವರಿಂದ ಬರುವ ಗುಣ. ಹಳದಿ ಬಣ್ಣವನ್ನು ಹೊರಹಾಕುವ ಕಿಣ್ವ ಲಿವರ್‌ನಲ್ಲಿ ಕಡಿಮೆ, ಅಷ್ಟೇ. ಇದರಿಂದ ಲಿವರ್ ಕೆಡುವುದಿಲ್ಲ, ಇನ್ನೊಬ್ಬರಿಗೆ ಅಂಟುವುದಿಲ್ಲ, ಮದುವೆಗೂ ಅಡ್ಡಿಯಿಲ್ಲ.

✅ ಹೊತ್ತಿಗೆ ಸರಿಯಾಗಿ ಊಟ, ನೀರು, ನಿದ್ರೆ. ಡಬ್ಬಿ ಮರೆಯಬೇಡಿ.
✅ ಹೊಸ ಔಷಧಿ ಬರೆಯುವಾಗ ವೈದ್ಯರಿಗೆ ಇದನ್ನು ತಿಳಿಸಿ.
❌ ಊರಿನಿಂದ ಕಾಮಾಲೆ ಮದ್ದು ತರಿಸಿ ಪಥ್ಯ ಹಿಡಿಯಬೇಡಿ. ಹೊಟ್ಟೆ ಹಸಿದಷ್ಟೂ ಹಳದಿ ಹೆಚ್ಚುತ್ತದೆ.
⚠️ ಮೂತ್ರ ಕಡುಬಣ್ಣ, ಜ್ವರ, ವಾಂತಿ, ಹೊಟ್ಟೆನೋವು ಇದ್ದರೆ ಅದು ಬೇರೆ ಕಾಯಿಲೆ. ತಡಮಾಡದೆ ಆಸ್ಪತ್ರೆಗೆ ಹೋಗಿ.