ಮಾನವಶಾಸ್ತ್ರ ವ್ಯಾಸಂಗದಲ್ಲಿ ಕ್ಷೇತ್ರಕಾರ್ಯ

ಜನರ ನಡೆನುಡಿ, ಕುಟುಂಬಕ್ರಮ, ಆಚಾರ, ನಂಬುಗೆಗಳನ್ನು ವಿಮರ್ಶಿಸುವ ಶಾಸ್ತ್ರವೇ ಮಾನವಶಾಸ್ತ್ರ. ಸ್ನಾತಕೋತ್ತರ ತರಗತಿಯಲ್ಲಿ ಇದನ್ನು ವ್ಯಾಸಂಗ ಮಾಡುವವರು ಗ್ರಂಥಪಠನ ಮಾತ್ರದಿಂದ ತೃಪ್ತರಾಗಲಾಗದು. ಜನರ ನಡುವೆ ನೆಲೆಸಿ, ಕಂಡುದನ್ನೂ ಕೇಳಿದುದನ್ನೂ ಅಂದಂದೇ ಬರೆದಿಡುವ ಕ್ಷೇತ್ರಕಾರ್ಯ ಅತ್ಯಾವಶ್ಯಕ. ವ್ಯಾಕರಣಕ್ಕೆ ಲೋಕಪ್ರಯೋಗವು ಹೇಗೆ ಪ್ರಮಾಣವೋ ಈ ಶಾಸ್ತ್ರಕ್ಕೆ ಜನಜೀವನವು ಹಾಗೆ ಪ್ರಮಾಣ.

ಈ ಮಾರ್ಗಕ್ಕೆ ಮೈಸೂರಿನ ಡಾ. ಎಂ. ಎನ್. ಶ್ರೀನಿವಾಸರು ಉತ್ತಮ ನಿದರ್ಶನ. ಮುಂಬಯಿಯಲ್ಲಿ ಎಂ.ಎ. ಪದವಿಗಾಗಿ ಮೈಸೂರು ಸೀಮೆಯ ವಿವಾಹ ಮತ್ತು ಕುಟುಂಬಗಳನ್ನು ಕುರಿತು ಅವರು ರಚಿಸಿದ ಪ್ರಬಂಧವು 1942ರಲ್ಲಿ ಗ್ರಂಥರೂಪ ತಾಳಿತು. 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ನಡೆಸಿದ ಅವರು, ಆ ಊರಿಗೆ 'ರಾಮಪುರ'ವೆಂಬ ಬೇರೆ ಹೆಸರಿಟ್ಟು ಬರೆದರು. 1970ರಲ್ಲಿ ಅಮೆರಿಕದಲ್ಲಿದ್ದಾಗ ಅವರ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದವು. ಬಹುಮಟ್ಟಿಗೆ ನೆನಪನ್ನೇ ಆಶ್ರಯಿಸಿ ಬರೆದ ಗ್ರಂಥವು 1976ರಲ್ಲಿ ಪ್ರಕಟವಾಯಿತು. ತಾವು ಊರನ್ನು ಹೆಚ್ಚಾಗಿ ಮೇಲುಜಾತಿಯವರ ದೃಷ್ಟಿಯಿಂದಲೇ ಕಂಡುದಾಗಿ ಅವರು ಒಪ್ಪಿಕೊಂಡಿರುವುದು ಮನನಯೋಗ್ಯ.

2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿರುವ ನಮ್ಮ ತಾಲ್ಲೂಕುಗಳಲ್ಲಿ ಇಂತಹ ಅಧ್ಯಯನಕ್ಕೆ ವಿಷಯಗಳ ಕೊರತೆಯಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಆ ಒಂದು ನುಡಿಯನ್ನು ರೈತನು ಮಳೆಬೆಳೆಗೂ ಇನ್ನೊಬ್ಬನು ರಾಜಕಾರಣಕ್ಕೂ ಅನ್ವಯಿಸುವನು. ವಿದ್ಯಾರ್ಥಿಯು ಇವೆರಡನ್ನೂ ಬರೆದುಕೊಳ್ಳಬೇಕು. ಕೂಡ್ಲಿಗಿ ಕಡೆಯ ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರೆತ್ತುಗಳೂ ಅವುಗಳನ್ನು ಕಾಯುವ ಕಿಲಾರಿಗಳೂ ಉಂಟು. ಕೊಟ್ಟೂರಿನ ಗುರುಬಸವೇಶ್ವರರ ರಥೋತ್ಸವದಲ್ಲಿ ಯಾರ ಸೇವೆ ಯಾವುದೆಂದು ವಿಚಾರಿಸಿದರೆ ಊರಿನ ಕಟ್ಟಳೆಯೇ ತೆರೆದುಕೊಳ್ಳುತ್ತದೆ. ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಗಳಲ್ಲಿ ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಮುಳುಗಿದ ಊರುಗಳಿವೆ. 1953ರಲ್ಲಿ ನೀರು ನಿಂತ ಕಾಲವನ್ನು ಕಣ್ಣಾರೆ ಕಂಡವರು ಇಂದು ವಿರಳ. ಅವರ ಮಾತನ್ನು ಈಗ ಬರೆದುಕೊಳ್ಳದಿದ್ದರೆ ಊರಿನಂತೆ ಅದರ ನೆನಪೂ ಮುಳುಗುವುದು.

ಆದರೆ ಸ್ವಂತ ಸೀಮೆಯ ಅಧ್ಯಯನ ಸುಲಭವೆಂದು ಭಾವಿಸಬಾರದು. ಬಾಲ್ಯದಿಂದ ಕಂಡುದನ್ನು ನಾವು ಪ್ರಶ್ನಿಸುವುದೇ ಇಲ್ಲ. ಹರಪನಹಳ್ಳಿ ಕಡೆಯ ತಾಂಡಾಕ್ಕೆ ಮಠದ ಶಾಲೆಯಲ್ಲಿ ಓದಿದ ತರುಣನು ಹೋದರೆ ಅವನಿಗೆ ಮರ್ಯಾದೆಯ ಉತ್ತರ ದೊರೆತೀತು. ಮನದ ಮಾತು ದೊರೆಯಲಾರದು. ಲಂಬಾಣಿ ನುಡಿಯನ್ನು ಕಲಿಯದೆ ಕನ್ನಡ ಬಲ್ಲ ಗಂಡಸರನ್ನಷ್ಟೇ ವಿಚಾರಿಸಿದರೆ ಹೆಂಗಸರ ಹಾಡೂ ಅಳಲೂ ಗ್ರಂಥದಿಂದ ಹೊರಗುಳಿಯುವುವು. ಯಾರ ಮನೆಯಲ್ಲಿ ಇಳಿದುಕೊಂಡೆವು, ಯಾರ ಕೇರಿಗೆ ಹೋಗಲಿಲ್ಲ ಎಂಬುದನ್ನೂ ವಿದ್ಯಾರ್ಥಿಯು ಬರೆಯತಕ್ಕದ್ದು. ನಂಬಿ ಹೇಳಿದ ಗುಟ್ಟನ್ನು ಕಾಪಾಡುವುದು ಅವನ ಧರ್ಮ.

ಮಾತು ಕೊಟ್ಟವರಿಗೆ ಮರಳಿ ಏನು ಸಲ್ಲುವುದೆಂಬುದು ಕಡೆಯ ಪ್ರಶ್ನೆ. ಪ್ರಬಂಧವು ವಿಶ್ವವಿದ್ಯಾಲಯದ ಕಪಾಟನ್ನು ಸೇರಿದರೆ ಸಾಲದು. ಅದರ ತಿರುಳು ಕನ್ನಡದಲ್ಲಿ ಆ ಊರಿಗೂ ತಲುಪಬೇಕು. ನಮ್ಮ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಇಂತಹ ಒಬ್ಬೊಬ್ಬ ತರುಣನ ಪ್ರಯಾಣಕ್ಕೂ ವಸತಿಗೂ ಮುದ್ರಣಕ್ಕೂ ನೆರವಾದರೆ ಅದು ಜ್ಞಾನದಾಸೋಹವೇ ಸರಿ.