ಎಲೆಯೊಳಗಣ ಶಿಲೀಂಧ್ರಗಳು ಮತ್ತು ಗಣಕಯಂತ್ರ: ಹೊಸ ಪ್ರತಿಜೈವಿಕಗಳ ಶೋಧ

ರೋಗಕಾರಕ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ಔಷಧಗಳಿಗೆ ಪ್ರತಿಜೈವಿಕಗಳೆಂದು ಹೆಸರು. ಜನಸಾಮಾನ್ಯರು ಇವನ್ನು ಆಂಟಿಬಯಾಟಿಕ್ ಎಂದೇ ಬಲ್ಲರು. 1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು, ಬ್ಯಾಕ್ಟೀರಿಯಾ ಬೆಳೆಸಿದ್ದ ಗಾಜಿನ ತಟ್ಟೆಯಲ್ಲಿ ಒಂದು ಬೂಷ್ಟು ಬೆಳೆದು, ಅದರ ಸುತ್ತಲಿನ ಬ್ಯಾಕ್ಟೀರಿಯಾಗಳು ನಾಶವಾಗಿದ್ದುದನ್ನು ಗಮನಿಸಿದರು. ಪೆನಿಸಿಲಿನ್ ಬೆಳಕಿಗೆ ಬಂದುದು ಹೀಗೆ, ಶಿಲೀಂಧ್ರವೊಂದರಿಂದ.

ಭಾರತದಲ್ಲಿಯೂ ಈ ಕ್ಷೇತ್ರದ ಸಂಶೋಧನೆಗೆ ದೀರ್ಘ ಇತಿಹಾಸವಿದೆ. ಪುಣೆಯ ಸಮೀಪದ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆ ಸ್ಥಾಪಿತವಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎಂ. ಜೆ. ತಿರುಮಲಾಚಾರ್ ಅವರು ಮುಂದೆ ಈ ಸಂಸ್ಥೆಯ ಸಂಶೋಧನಾ ವಿಭಾಗವನ್ನು ಮುನ್ನಡೆಸಿದರು. ಪಿಂಪ್ರಿಯ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯೊಂದರಿಂದ ಶಿಲೀಂಧ್ರ ರೋಗಗಳಿಗೆ ಮದ್ದಾದ ಹ್ಯಾಮೈಸಿನ್ ದೊರೆತುದು ಅಲ್ಲಿಯೇ.

ಹೊಸ ಔಷಧಗಳ ಅಗತ್ಯ

ಒಂದೇ ಔಷಧವನ್ನು ಪದೇ ಪದೇ ಅಥವಾ ಅರೆಬರೆಯಾಗಿ ಬಳಸಿದಾಗ, ಅದನ್ನು ತಾಳಿಕೊಳ್ಳಬಲ್ಲ ಬ್ಯಾಕ್ಟೀರಿಯಾಗಳು ಉಳಿದು ವೃದ್ಧಿಯಾಗುತ್ತವೆ. ಫ್ಲೆಮಿಂಗ್ ಅವರೇ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಈ ಅಪಾಯದ ಬಗ್ಗೆ ಎಚ್ಚರಿಸಿದ್ದರು. ಆ ಎಚ್ಚರಿಕೆ ನಿಜವಾಗಿದೆ. ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಾಗಳ ನೇರ ಪರಿಣಾಮವಾಗಿ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12 ಲಕ್ಷ 70 ಸಾವಿರ ಮಂದಿ ಮೃತಪಟ್ಟರೆಂದು ತಜ್ಞರು ಅಂದಾಜು ಮಾಡಿದ್ದಾರೆ.

ಇತ್ತ ಹೊಸ ಔಷಧಗಳ ಆಗಮನ ಮಂದಗತಿಯಲ್ಲಿದೆ. ಮಣ್ಣಿನ ಸೂಕ್ಷ್ಮಜೀವಿಗಳನ್ನು ದಶಕಗಳ ಕಾಲ ಶೋಧಿಸಿದ ನಂತರ, ಈಗಾಗಲೇ ಗೊತ್ತಿರುವ ರಾಸಾಯನಿಕಗಳೇ ಮತ್ತೆ ಮತ್ತೆ ದೊರೆಯತೊಡಗಿದವು. ಆದ್ದರಿಂದ ವಿಜ್ಞಾನಿಗಳು ಹೊಸ ನೆಲೆಗಳತ್ತ ದೃಷ್ಟಿ ಹರಿಸಬೇಕಾಯಿತು. ಸಸ್ಯಗಳ ಒಡಲು ಅಂತಹ ಒಂದು ನೆಲೆ.

ಸಸ್ಯದೊಳಗಿನ ನಿವಾಸಿಗಳು

ಹಸಿರಾಗಿ ಆರೋಗ್ಯದಿಂದಿರುವ ಎಲೆಯ ಒಳಗೂ ಶಿಲೀಂಧ್ರಗಳು ವಾಸಿಸುತ್ತವೆ. ಅವು ಸಸ್ಯಕ್ಕೆ ರೋಗವನ್ನು ತಾರದೆ, ಅಂಗಾಂಶದ ಸಂದುಗಳಲ್ಲಿ ಕಣ್ಣಿಗೆ ಕಾಣದಂತೆ ಬದುಕುತ್ತವೆ. ಸಸ್ಯದೊಳಗೆ ನೆಲೆಸುವ ಜೀವಿಗಳಿಗೆ ಜರ್ಮನಿಯ ಆಂಟನ್ ಡಿ ಬಾರಿ ಅವರು 1866ರಲ್ಲಿ ‘ಎಂಡೋಫೈಟ್’ ಎಂಬ ಹೆಸರನ್ನು ಬಳಕೆಗೆ ತಂದರು. ಕನ್ನಡದಲ್ಲಿ ಇವನ್ನು ಸಸ್ಯಾಂತರ್ವಾಸಿಗಳೆನ್ನಬಹುದು.

ಇವುಗಳನ್ನು ಹೊರತೆಗೆಯುವ ವಿಧಾನ ಸರಳವಾದುದು. ಎಲೆ ಅಥವಾ ತೊಗಟೆಯ ಹೊರಮೈಯನ್ನು ಮದ್ಯಸಾರ ಮತ್ತು ಚಲುವೆ ದ್ರಾವಣದಿಂದ ಶುದ್ಧಗೊಳಿಸಿ, ಅಲ್ಲಿರುವ ಸೂಕ್ಷ್ಮಜೀವಿಗಳನ್ನು ನಿವಾರಿಸಲಾಗುತ್ತದೆ. ಅನಂತರ ಅದನ್ನು ಸಣ್ಣ ಚೂರುಗಳಾಗಿ ಕತ್ತರಿಸಿ ಪೋಷಕ ಮಾಧ್ಯಮದ ಮೇಲಿಡಲಾಗುತ್ತದೆ. ಕೆಲವು ದಿನಗಳಲ್ಲಿ ಚೂರುಗಳ ಅಂಚಿನಿಂದ ಶಿಲೀಂಧ್ರದ ಎಳೆಗಳು ಹೊರಬರುತ್ತವೆ.

ಕಿರಿದಾದ ಸ್ಥಳದಲ್ಲಿ ಅನೇಕ ಪ್ರತಿಸ್ಪರ್ಧಿಗಳ ನಡುವೆ ಬಾಳುವ ಈ ಶಿಲೀಂಧ್ರಗಳು ನಾನಾ ಬಗೆಯ ರಾಸಾಯನಿಕಗಳನ್ನು ತಯಾರಿಸುತ್ತವೆ. ಅವುಗಳಲ್ಲಿ ಕೆಲವು ಎದುರಾಳಿಗಳನ್ನು ತಡೆಯಬಲ್ಲವು. ಹೊಂಡುರಾಸ್ ದೇಶದಲ್ಲಿ ಬೆಳೆದಿದ್ದ ದಾಲ್ಚಿನ್ನಿ ಮರದಿಂದ ಪಡೆದು 2001ರಲ್ಲಿ ವರ್ಣಿಸಲಾದ ‘ಮಸ್ಕೊಡಾರ್ ಆಲ್ಬಸ್’ ಎಂಬ ಶಿಲೀಂಧ್ರವು ತಾನು ಹೊರಸೂಸುವ ಅನಿಲಗಳಿಂದಲೇ ಅನೇಕ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಜುನಿಪರ್ ಗಿಡದ ಎಲೆಗಳಲ್ಲಿ ದೊರೆತ ಇನ್ನೊಂದು ಶಿಲೀಂಧ್ರದ ರಾಸಾಯನಿಕವನ್ನು ಮಾರ್ಪಡಿಸಿ ಇಬ್ರೆಕ್ಸಾಫಂಜರ್ಪ್ ಎಂಬ ಶಿಲೀಂಧ್ರನಾಶಕ ಔಷಧವನ್ನು ರೂಪಿಸಲಾಯಿತು. ಇದಕ್ಕೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಗಣಕಯಂತ್ರದ ಪಾತ್ರ

ಒಂದೇ ಮರದಲ್ಲಿ ಹಲವಾರು ಬಗೆಯ ಶಿಲೀಂಧ್ರಗಳಿರಬಹುದು. ಒಂದೊಂದು ಶಿಲೀಂಧ್ರವೂ ಹತ್ತಾರು ರಾಸಾಯನಿಕಗಳನ್ನು ತಯಾರಿಸಬಲ್ಲದು. ಇವೆಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಲು ಅಪಾರ ಕಾಲ ಮತ್ತು ಹಣ ಬೇಕು. ಎಲ್ಲಿ ಹುಡುಕಬೇಕೆಂಬುದನ್ನು ಸೂಚಿಸುವ ಕಾರ್ಯದಲ್ಲಿ ಗಣಕಯಂತ್ರವು ಮುಖ್ಯವಾಗಿ ಮೂರು ರೀತಿಯಲ್ಲಿ ನೆರವಾಗುತ್ತದೆ.

ಮೊದಲನೆಯದು ವಂಶವಾಹಿಗಳ ವಾಚನ. ಒಂದು ರಾಸಾಯನಿಕದ ತಯಾರಿಕೆಗೆ ಬೇಕಾದ ವಂಶವಾಹಿಗಳು ಶಿಲೀಂಧ್ರಗಳಲ್ಲಿ ಸಾಮಾನ್ಯವಾಗಿ ಗುಂಪಾಗಿರುತ್ತವೆ. ಪೆನಿಸಿಲಿನ್ ತಯಾರಿಕೆಯ ಮೂರು ಮುಖ್ಯ ವಂಶವಾಹಿಗಳು ಒಂದರ ಪಕ್ಕದಲ್ಲೊಂದು ಇರುವುದು ಇದಕ್ಕೆ ನಿದರ್ಶನ. ಆದಕಾರಣ, ಶಿಲೀಂಧ್ರದ ಸಮಗ್ರ ಡಿಎನ್‌ಎ ವಿನ್ಯಾಸವನ್ನು ಗಣಕಯಂತ್ರಕ್ಕೆ ಒದಗಿಸಿದರೆ ಅದು ಅಂತಹ ಗುಂಪುಗಳನ್ನು ಗುರುತಿಸಬಲ್ಲದು. 2011ರಲ್ಲಿ ಪ್ರಕಟವಾದ ‘ಆಂಟಿಸ್ಮ್ಯಾಶ್’ ಎಂಬ ಕ್ರಮವಿಧಿ ಈ ಕೆಲಸಕ್ಕೆ ವ್ಯಾಪಕವಾಗಿ ಬಳಕೆಯಲ್ಲಿದೆ. ಇಂತಹ ಅಧ್ಯಯನಗಳಿಂದ ತಿಳಿದುಬಂದ ಸಂಗತಿಯೆಂದರೆ, ಪ್ರಯೋಗಾಲಯದಲ್ಲಿ ಶಿಲೀಂಧ್ರವು ತಯಾರಿಸಿ ತೋರುವುದು ಅಲ್ಪ, ತಯಾರಿಸಬಲ್ಲದ್ದು ಬಹಳ.

ಎರಡನೆಯದು ಹಳತು ಹೊಸತುಗಳ ವಿಂಗಡಣೆ. ಶಿಲೀಂಧ್ರದ ಸಾರದಲ್ಲಿರುವ ಅಣುಗಳ ತೂಕವನ್ನು ಉಪಕರಣಗಳಿಂದ ಅಳೆದು, ಆ ವಿವರಗಳನ್ನು ಗೊತ್ತಿರುವ ಅಣುಗಳ ಭಂಡಾರದೊಡನೆ ಗಣಕಯಂತ್ರದಲ್ಲಿ ಹೋಲಿಸಲಾಗುತ್ತದೆ. ಹಳೆಯ ಅಣುವನ್ನೇ ಮತ್ತೆ ಕಂಡುಹಿಡಿಯುವ ಶ್ರಮ ಇದರಿಂದ ತಪ್ಪುತ್ತದೆ.

ಮೂರನೆಯದು ಪರಿಣಾಮದ ಮುನ್ನಂದಾಜು. ಬೀಗಕ್ಕೆ ಬೀಗದ ಕೈ ಹೊಂದುವಂತೆ, ಬ್ಯಾಕ್ಟೀರಿಯಾದ ಯಾವ ಪ್ರೋಟೀನಿಗೆ ಯಾವ ಅಣು ಹೊಂದಬಹುದೆಂಬುದನ್ನು ಲೆಕ್ಕಹಾಕಲಾಗುತ್ತದೆ. ಸಾವಿರಾರು ಅಣುಗಳ ಮಾಹಿತಿಯಿಂದ ಯಂತ್ರಕ್ಕೆ ತರಬೇತಿ ನೀಡುವ ಕ್ರಮವೂ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಈ ಕ್ರಮದಿಂದ ಹ್ಯಾಲಿಸಿನ್ ಎಂಬ ಅಣುವಿನ ಪ್ರತಿಜೈವಿಕ ಗುಣವನ್ನು ಗುರುತಿಸಿ, ಇಲಿಗಳಲ್ಲಿ ಅದನ್ನು ಪರೀಕ್ಷಿಸಿದರು. ಅದು ಶಿಲೀಂಧ್ರದಿಂದ ಬಂದುದಲ್ಲ. ಮಧುಮೇಹದ ಮದ್ದಾಗಬಹುದೆಂದು ಹಿಂದೆ ಪರಿಶೀಲಿಸಲಾಗಿದ್ದ ಅಣು ಅದು. ಆದರೂ ಅದೇ ಕ್ರಮವನ್ನು ಶಿಲೀಂಧ್ರಗಳ ಅಣುಗಳಿಗೂ ಅನ್ವಯಿಸಬಹುದಾಗಿದೆ.

ಮಿತಿಗಳು

ಗಣಕಯಂತ್ರ ನೀಡುವುದು ಸೂಚನೆಯನ್ನೇ ಹೊರತು ಔಷಧವನ್ನಲ್ಲ. ಅದು ಗುರುತಿಸಿದ ವಂಶವಾಹಿಗಳಲ್ಲಿ ಹಲವು ಪ್ರಯೋಗಾಲಯದಲ್ಲಿ ನಿಷ್ಕ್ರಿಯವಾಗಿರುತ್ತವೆ. ಪೋಷಕಾಂಶಗಳನ್ನು ಬದಲಿಸಿ, ಬೇರೊಂದು ಸೂಕ್ಷ್ಮಜೀವಿಯೊಡನೆ ಬೆಳೆಸಿ ಅಥವಾ ಆ ವಂಶವಾಹಿಗಳನ್ನು ಸುಲಭವಾಗಿ ಬೆಳೆಯುವ ಇನ್ನೊಂದು ಶಿಲೀಂಧ್ರಕ್ಕೆ ವರ್ಗಾಯಿಸಿ ಅವುಗಳನ್ನು ಎಚ್ಚರಿಸಬೇಕಾಗುತ್ತದೆ. ದೊರೆತ ರಾಸಾಯನಿಕವು ಬ್ಯಾಕ್ಟೀರಿಯಾವನ್ನು ಕೊಂದರೆ ಸಾಲದು, ರೋಗಿಗೆ ವಿಷವೂ ಆಗಬಾರದು. ಪ್ರಾಣಿಗಳ ಮೇಲಿನ ಪರೀಕ್ಷೆ ಮತ್ತು ಮಾನವರ ಮೇಲಿನ ಹಂತ ಹಂತದ ಪರೀಕ್ಷೆಗಳಿಗೆ ಅನೇಕ ವರ್ಷಗಳು ಬೇಕು. ಬಹುಪಾಲು ಅಣುಗಳು ಈ ಹಾದಿಯ ನಡುವೆಯೇ ಕೈಬಿಟ್ಟುಹೋಗುತ್ತವೆ.

ಸಂರಕ್ಷಣೆ ಮತ್ತು ಸಾರ್ವಜನಿಕರ ಹೊಣೆ

ಮರ ಅಳಿದರೆ ಅದರೊಳಗಿನ ಶಿಲೀಂಧ್ರಗಳ ನೆಲೆಯೂ ಅಳಿಯುತ್ತದೆ. ನೀಲಗಿರಿ ಜೀವಗೋಳ ವಲಯದ ಕಾಡುಗಳ ಸಸ್ಯಾಂತರ್ವಾಸಿಗಳನ್ನು ಚೆನ್ನೈನ ಸಂಶೋಧಕರು ಅಧ್ಯಯನ ಮಾಡಿದ್ದಾರೆ. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ಶಿಲೀಂಧ್ರಗಳ ರಾಷ್ಟ್ರೀಯ ಸಂಗ್ರಹವಿದೆ. ದೇಶದ ಜೈವಿಕ ಸಂಪತ್ತಿನ ಬಳಕೆಯಿಂದ ಬರುವ ಲಾಭದಲ್ಲಿ ಸ್ಥಳೀಯರಿಗೂ ನ್ಯಾಯಯುತ ಪಾಲು ದೊರೆಯಬೇಕೆಂಬುದು 2002ರ ಜೀವವೈವಿಧ್ಯ ಅಧಿನಿಯಮದ ಉದ್ದೇಶಗಳಲ್ಲೊಂದು. ಅದರನ್ವಯ 2003ರಲ್ಲಿ ಚೆನ್ನೈನಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಸ್ಥಾಪನೆಯಾಯಿತು.

ಇರುವ ಔಷಧಗಳ ಶಕ್ತಿಯನ್ನು ಕಾಪಾಡುವುದೂ ಅಷ್ಟೇ ಮುಖ್ಯ. ವೈದ್ಯರ ಸಲಹೆಯಿಲ್ಲದೆ ಪ್ರತಿಜೈವಿಕಗಳನ್ನು ಸೇವಿಸಬಾರದು. ಮಾತ್ರೆಯ ಪಟ್ಟಿಯ ಮೇಲಿನ ಕೆಂಪು ಗೆರೆ ಈ ಎಚ್ಚರಿಕೆಯನ್ನೇ ಸಾರುತ್ತದೆ. ಈ ಬಗ್ಗೆ ಕೇಂದ್ರ ಸರ್ಕಾರವು 2016ರಲ್ಲಿ ಜಾಗೃತಿ ಅಭಿಯಾನವನ್ನು ಆರಂಭಿಸಿತು. ವೈರಸ್ಸುಗಳಿಂದ ಬರುವ ನೆಗಡಿ, ಫ್ಲೂಗಳಿಗೆ ಈ ಔಷಧಗಳಿಂದ ಪ್ರಯೋಜನವಿಲ್ಲ. ವೈದ್ಯರು ಸೂಚಿಸಿದ ಪ್ರಮಾಣದಲ್ಲಿ, ಸೂಚಿಸಿದಷ್ಟು ದಿನ ಔಷಧ ಸೇವಿಸಬೇಕು. ಉಳಿದ ಮಾತ್ರೆಗಳನ್ನು ಇತರರಿಗೆ ನೀಡಬಾರದು.

ಎಲೆಯ ಚೂರಿನಿಂದ ಹೊರಟ ಒಂದು ಅಣು ಔಷಧಿ ಅಂಗಡಿಯನ್ನು ತಲಪಲು ಹಲವು ವರ್ಷಗಳೇ ಬೇಕು. ಗಣಕಯಂತ್ರವು ಆ ಹಾದಿಯ ಮೊದಲ ಹಂತಗಳನ್ನು ಮೊಟಕುಗೊಳಿಸಬಲ್ಲದು. ಅಲ್ಲಿಯವರೆಗೆ ಇಂದಿನ ಔಷಧಗಳು ಫಲಕಾರಿಯಾಗಿ ಉಳಿಯುವುದು ಅವುಗಳನ್ನು ಬಳಸುವವರ ವಿವೇಕವನ್ನು ಅವಲಂಬಿಸಿದೆ.